ಕುಡಿತ ಬಿಡಲು ಶರಣಾಗಬೇಕೇ, ಪಳಗಬೇಕೇ? ಒಂದು ಹಳೇ ವಾದದ ಹಿನ್ನೆಲೆ

ಚಟ ಬಿಡಬೇಕು ಅಂತ ಮನಸ್ಸು ಮಾಡಿದವರಿಗೆ ಎರಡು ತದ್ವಿರುದ್ಧ ಸಲಹೆ ಸಿಗುತ್ತವೆ. ಒಬ್ಬರು 'ಇದು ನಿನ್ನ ಕೈ ಮೀರಿದೆ ಅಂತ ಮೊದಲು ಒಪ್ಪಿಕೋ' ಅನ್ನುತ್ತಾರೆ. ಇನ್ನೊಬ್ಬರು 'ಎಲ್ಲ ನಿನ್ನ ಕೈಯಲ್ಲೇ ಇದೆ, ಉಪಾಯ ಕಲಿತುಕೋ' ಅನ್ನುತ್ತಾರೆ. ಎರಡೂ ಕಡೆ ಚಟದಿಂದ ನಿಜವಾಗಿ ಹೊರಬಂದವರಿದ್ದಾರೆ. ಹಾಗಾಗಿಯೇ ಗೊಂದಲ ಜಾಸ್ತಿ. ಇದರ ಬೇರು ಇರುವುದು ಅಮೆರಿಕದಲ್ಲಿ.

1840ರಲ್ಲಿ ಬಾಲ್ಟಿಮೋರ್‌ನ ಆರು ಜನ ಕುಡುಕರು ಒಟ್ಟಿಗೆ ಪ್ರತಿಜ್ಞೆ ಮಾಡಿ ಕಟ್ಟಿದ ಚಳವಳಿ ಭರದಿಂದ ಬೆಳೆದು, ಕೆಲವೇ ವರ್ಷಗಳಲ್ಲಿ ಕರಗಿತು. 1935ರಲ್ಲಿ ಆಕ್ರನ್ ಎಂಬ ಊರಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಸರ್ಜನ್ ಬಾಬ್ ಸ್ಮಿತ್ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರು ಮಾಡಿದರು. ಅದರ 12 ಮೆಟ್ಟಿಲುಗಳಲ್ಲಿ ಮೊದಲನೆಯದೇ, ಕುಡಿತದ ಮುಂದೆ ನಾವು ಅಸಹಾಯಕರು ಅಂತ ಒಪ್ಪಿಕೊಳ್ಳುವುದು. ಆಮೇಲೆ ನಮಗಿಂತ ದೊಡ್ಡದೊಂದು ಶಕ್ತಿಗೆ ತಮ್ಮನ್ನು ಒಪ್ಪಿಸಿಕೊಳ್ಳುವುದು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಯಾರು ಬಂದರೂ ಕುರ್ಚಿ ಇದೆ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಅದು ಎಷ್ಟು ಜೀವ ಉಳಿಸಿತು ಅನ್ನುವುದನ್ನು ಮರೆಯಬಾರದು.

ಆದರೆ ಆ ಭಾಷೆ ಎಲ್ಲರಿಗೂ ಒಗ್ಗಲಿಲ್ಲ. 1975ರಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಹೆಂಗಸರಿಗಾಗಿಯೇ ಬೇರೆ ಗುಂಪು ಕಟ್ಟಿದರು. ಮೊದಲೇ ಕುಗ್ಗಿಹೋದವರಿಗೆ ಬೇಕಾದದ್ದು ಆತ್ಮವಿಶ್ವಾಸ ಅನ್ನುವುದು ಅವರ ನಿಲುವು. 1985ರಲ್ಲಿ ಜೇಮ್ಸ್ ಕ್ರಿಸ್ಟೋಫರ್ ದೇವರ ಮಾತಿಲ್ಲದ ಗುಂಪು ಆರಂಭಿಸಿದರು. ಅದರ ಬೆನ್ನಿಗೇ ಜ್ಯಾಕ್ ಟ್ರಿಂಪಿ ಎಂಬ ಸಮಾಜ ಕಾರ್ಯಕರ್ತರು ರ‍್ಯಾಷನಲ್ ರಿಕವರಿ ಎಂಬ ಸಂಘಟನೆ ಕಟ್ಟಿದರು. ಇಲ್ಲಿಂದ ಕಥೆ ನಿಜಕ್ಕೂ ಕುತೂಹಲದ್ದು.

ಟ್ರಿಂಪಿ ಅವರ ಸಂಘಟನೆ ಮನಃಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಿಂದ ಸರಳ ವಿಚಾರವೊಂದನ್ನು ಎತ್ತಿಕೊಂಡಿತು. ಮೇಲಧಿಕಾರಿ ಎಲ್ಲರ ಮುಂದೆ ಬೈದರು, ರಾತ್ರಿ ಬಾಟಲಿ ತೆರೆಯಿತು. ಬೈಗುಳವೇ ಕುಡಿಸಿತು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಎಲ್ಲಿಸ್ ಪ್ರಕಾರ ನಡುವೆ ಇನ್ನೊಂದು ಇದೆ: 'ಇದನ್ನು ನಾನು ತಡೆದುಕೊಳ್ಳಲಾರೆ' ಎಂಬ ನಂಬಿಕೆ. ಬೈಗುಳ ತಪ್ಪಿಸಲು ಆಗದಿರಬಹುದು. ಆ ನಂಬಿಕೆಯನ್ನು ಹಿಡಿದು ಪ್ರಶ್ನಿಸಬಹುದು: ನಿಜವಾಗಲೂ ತಡೆಯಲಾರೆನಾ, ಅಥವಾ ಬರೀ ಹಿಂಸೆ ಆಗ್ತಿದೆಯಾ?

ಬರಬರುತ್ತಾ ಟ್ರಿಂಪಿ ಅವರಿಗೆ ಗುಂಪೇ ಬೇಡ, ಬಿಡುವವನು ಒಬ್ಬನೇ ನಿಂತು ಬಿಡಬಲ್ಲ ಅನ್ನಿಸಿತು. ಜೊತೆಗಿದ್ದ ಹಲವು ವೈದ್ಯರು, ಮನಃಶಾಸ್ತ್ರಜ್ಞರು ಗುಂಪು ಬೇಕೇ ಬೇಕು ಅಂದರು. 1992ರಲ್ಲಿ ಗುಂಪುಗಳನ್ನು ನಡೆಸಲು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನೋಂದಣಿಯಾಯಿತು. 1994ರಲ್ಲಿ ಅದು ಟ್ರಿಂಪಿ ಅವರಿಂದ ಬೇರೆಯಾಗಿ ಸ್ಮಾರ್ಟ್ ರಿಕವರಿ ಎಂಬ ಹೆಸರು ಇಟ್ಟುಕೊಂಡಿತು. ಎರಡೂ ಕಡೆಗೆ ಅವರವರ ಕಾರಣಗಳಿದ್ದವು. ಆದರೂ ಗುಂಪು ಉಳಿದದ್ದು ಒಳ್ಳೆಯದೇ ಆಯಿತು. ಉಪಾಯ ಪುಸ್ತಕದಲ್ಲೂ ಸಿಗುತ್ತದೆ. 'ನನಗೂ ಹಾಗೇ ಆಗಿತ್ತು' ಅನ್ನುವ ಮನುಷ್ಯ ಪುಸ್ತಕದಲ್ಲಿ ಸಿಗುವುದಿಲ್ಲ.

ಸ್ಮಾರ್ಟ್ ರಿಕವರಿಯಲ್ಲಿ ಕಲಿಸುವುದು ನಾಲ್ಕು ವಿಷಯ: ಬಿಡುವ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು, ಹಪಾಹಪಿಯನ್ನು ನಿಭಾಯಿಸುವುದು, ಯೋಚನೆ-ಭಾವನೆ-ನಡವಳಿಕೆಯನ್ನು ಹತೋಟಿಗೆ ತರುವುದು, ಬದುಕಿಗೆ ಒಂದು ಸಮತೋಲ ತಂದುಕೊಳ್ಳುವುದು. ನನಗೆ ಬಹಳ ಹಿಡಿಸುವುದು ಅವರ ಲೆಕ್ಕದ ಹಾಳೆ. ಹಾಳೆಯಲ್ಲಿ ನಾಲ್ಕು ಚೌಕ. ಕುಡಿದರೆ ಏನು ಲಾಭ, ಏನು ನಷ್ಟ. ಬಿಟ್ಟರೆ ಏನು ಲಾಭ, ಏನು ನಷ್ಟ. ಮೊದಲ ಚೌಕವನ್ನು ಖಾಲಿ ಬಿಡುವ ಹಾಗಿಲ್ಲ. 'ನಿದ್ದೆ ಬರುತ್ತೆ', 'ಸಂಕೋಚ ಹೋಗುತ್ತೆ' ಅಂತ ಪ್ರಾಮಾಣಿಕವಾಗಿ ಬರೆಯಬೇಕು. ಬರೆದದ್ದರ ಪಕ್ಕ ಅದು ಈ ಹೊತ್ತಿನದಾ, ಬಹುಕಾಲದ್ದಾ ಅಂತ ಗುರುತು ಹಾಕಬೇಕು. ಕುಡಿತದ ಲಾಭಗಳೆಲ್ಲ ಹೆಚ್ಚುಕಮ್ಮಿ ಆ ಹೊತ್ತಿನವೇ ಅನ್ನುವುದು ಆಗ ಬರೆದವರ ಕಣ್ಣಿಗೇ ಬೀಳುತ್ತದೆ. ಯಾರೂ ಉಪದೇಶ ಮಾಡಬೇಕಾಗಿಲ್ಲ. ಹಪಾಹಪಿಯ ವಿಷಯದಲ್ಲೂ ಹೀಗೇ. ಅದು ಅಲೆಯ ಹಾಗೆ ಏರಿ ತಾನಾಗಿಯೇ ಇಳಿಯುತ್ತದೆ, ಇಳಿಯುವವರೆಗೆ ಸುಮ್ನೆ ಗಮನಿಸುತ್ತಿರಿ ಅಂತ ಕಲಿಸುತ್ತಾರೆ. ಇದು ಅಲನ್ ಮಾರ್ಲಾಟ್ ಎಂಬ ಸಂಶೋಧಕರಿಂದ ಬಂದ ಉಪಾಯ.

ಇಲ್ಲಿ 'ನಾನು ಕುಡುಕ' ಅಂತ ಪರಿಚಯಿಸಿಕೊಳ್ಳಬೇಕಾಗಿಲ್ಲ. ಸಭೆ ನಡೆಸುವವರು ತರಬೇತಿ ಪಡೆದಿರಬೇಕು, ಆದರೆ ಚಟ ಬಿಟ್ಟವರೇ ಆಗಿರಬೇಕೆಂದಿಲ್ಲ. ಜೂಜು, ಮಾದಕ ವಸ್ತು ಯಾವ ಚಟವಾದರೂ ಸರಿ. ಇನ್ನೂ ಬಿಡುವ ನಿರ್ಧಾರಕ್ಕೆ ಬರದವರೂ ಬಂದು ಕೂರಬಹುದು.

ಜಗಳ ಕೋರ್ಟಿಗೂ ಹೋಯಿತು. ಕುಟುಂಬದ ಭೇಟಿಗೆ ಅವಕಾಶ ಬೇಕಾದರೆ 12 ಮೆಟ್ಟಿಲಿನ ಕಾರ್ಯಕ್ರಮಕ್ಕೆ ಸೇರಲೇಬೇಕು ಅಂತ ಕೈದಿಗೆ ಷರತ್ತು ಹಾಕುವಂತಿಲ್ಲ ಎಂದು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 1996ರಲ್ಲಿ ಹೇಳಿತು. ಆ ಕಾರ್ಯಕ್ರಮದಲ್ಲಿ ಧರ್ಮದ ಅಂಶ ಇದೆ ಅನ್ನುವುದು ಕಾರಣ.

ಹಾಗಾದರೆ ಯಾವುದು ಮೇಲು? 12 ಮೆಟ್ಟಿಲಿನ ದಾರಿಯನ್ನು ಹಳೆಯದು ಅಂತ ತಳ್ಳಿಹಾಕುವವರು 2020ರ ಕೊಕ್ರೇನ್ ವಿಮರ್ಶೆಯನ್ನು (ಒಂದೇ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ನೋಡಬೇಕು. ಪೂರ್ತಿ ಬಿಡಿಸುವುದರಲ್ಲಿ ಅದು ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಒಂದು ಕೈ ಮೇಲು ಅಂತ ಕಂಡುಬಂತು. 2018ರ ಇನ್ನೊಂದು ಅಧ್ಯಯನ ನಾಲ್ಕು ಬಗೆಯ ಗುಂಪುಗಳನ್ನು ಹೋಲಿಸಿತು. ಪೂರ್ತಿ ಬಿಡಬೇಕು ಎಂಬ ಗುರಿ ಎಷ್ಟು ಗಟ್ಟಿ ಅನ್ನುವುದನ್ನು ಲೆಕ್ಕಕ್ಕೆ ಹಿಡಿದರೆ ಗುಂಪುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇಲ್ಲವಾಯಿತು. ಒಗ್ಗುವ ಗುಂಪಿನಲ್ಲಿ ಪಾಲ್ಗೊಳ್ಳುವುದೇ ಮುಖ್ಯ ಅಂತ ನನಗೆ ಅನ್ನಿಸುವುದು ಇದಕ್ಕೇ. ಒಂದು ಕಡೆ ಒಗ್ಗದೆ ಎದ್ದು ಬಂದವರಿಗೆ 'ನಿನಗೆ ಬಿಡುವ ಮನಸ್ಸೇ ಇಲ್ಲ' ಅನ್ನುವುದು ಅನ್ಯಾಯ. ಎರಡೂ ಕಡೆ ಹೋಗುವವರೂ ಇದ್ದಾರೆ.

ಗುಂಪು ಯಾವುದೇ ಆಗಲಿ, ಒಂದು ವಿಷಯದಲ್ಲಿ ಅದು ಸಾಲದು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ದಿಢೀರ್ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಅವರು ಮೊದಲು ಹೋಗಬೇಕಾದದ್ದು ಡಾಕ್ಟರ ಹತ್ತಿರ.