ಬೀಟಲ್ ನಟ್ ಎಂದರೆ ಅಡಿಕೆ, ವೀಳ್ಯದೆಲೆಯ ಬೀಜವಲ್ಲ

ಲಂಡನ್ನಿನ ಬಂಗಾಳಿಗಳ ಬಾಯಿ ಕ್ಯಾನ್ಸರ್ ಕುರಿತ ಅನುವಾದಗಳಲ್ಲಿ ಇಂಗ್ಲಿಷಿನ ‘ಬೀಟಲ್ ನಟ್’ಗೆ ‘ವೀಳ್ಯದೆಲೆಯ ಬೀಜ’ ಎಂಬ ಪದ ಮತ್ತೆ ಮತ್ತೆ ಬರುತ್ತಿದೆ. ಅಂಥ ಬೀಜ ಯಾರ ಹರಿವಾಣದಲ್ಲೂ ಇಲ್ಲ. ಎಲೆ ಬಳ್ಳಿಯದು, ಅಡಿಕೆ ಮರದ್ದು. ತೋಟದಲ್ಲಿ ಬಳ್ಳಿ ಆ ಮರಕ್ಕೇ ಹಬ್ಬಿರುತ್ತದೆ, ಅಷ್ಟೇ ನೆಂಟಸ್ತಿಕೆ.

ಗೊಂದಲ ಹುಟ್ಟಿದ್ದು ಇಂಗ್ಲಿಷಿನಲ್ಲಿ. ಮಲಯಾಳದ ‘ವೆಟ್ಟಿಲ’ವನ್ನು ಪೋರ್ಚುಗೀಸರು ಕೊಂಡೊಯ್ದರು, ಅದೇ ‘ಬೀಟಲ್’ ಆಯಿತು. ಕೊನೆಯ ‘ಇಲ’ ನಮ್ಮ ಎಲೆಯೇ. ನಮ್ಮ ಅಡಿಕೆಯ ಸೋದರಿ ‘ಅಡಕ್ಕ’ವೂ ಅದೇ ಕರಾವಳಿಯಿಂದ ಹಡಗು ಹತ್ತಿ ‘ಅರೆಕಾ’ ಆಯಿತು. ಎರಡಕ್ಕೂ ಬೇರೆ ಬೇರೆ ಹೆಸರು ಕೈಯಲ್ಲಿದ್ದರೂ, ಎಲೆಯ ಜೊತೆ ತಿನ್ನುತ್ತಾರೆಂದು ಅಡಿಕೆಗೆ ‘ಬೀಟಲ್ ನಟ್’ ಎಂದು ಎಲೆಯ ಹೆಸರನ್ನೇ ಅಂಟಿಸಿದರು. ‘ಪಾನ್’ ಕೂಡ ‘ಪರ್ಣ’ದಿಂದ ಬಂದ ಎಲೆಯ ಹೆಸರೇ, ಈಗ ಅಡಿಕೆ, ಸುಣ್ಣ, ಜರ್ದಾ ಎಲ್ಲ ಅದರೊಳಗೆ ಅಡಗಿವೆ. ಕನ್ನಡದಲ್ಲಿ ‘ಎಲೆಯಡಿಕೆ’ ಎಂದು ಎರಡನ್ನೂ ಬಿಡಿಸಿ ಹೇಳುವ ನಾವು ಆ ತಪ್ಪನ್ನು ಮರಳಿ ತರುವುದೇಕೆ?

ಇದು ಪದದ ಜಗಳ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕಿಲ್ಲದ ಕವಳವನ್ನೂ (ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿಯುವುದು) ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಬರೀ ಎಲೆಯ ಮೇಲೆ ಆ ತೀರ್ಪಿಲ್ಲ. ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ರೋಗಕ್ಕೂ ಮುಖ್ಯ ಕಾರಣ ಅಡಿಕೆಯೇ. ತೈವಾನಿನ ಕವಳದಲ್ಲಿ ತಂಬಾಕು ಇರುವುದಿಲ್ಲ. ಆದರೂ ಬಾಯಿ ಕ್ಯಾನ್ಸರ್ ಅಲ್ಲಿ ದೊಡ್ಡ ಪಿಡುಗು. ಅಡಿಕೆ ತೋಟದ ಮನೆಯಲ್ಲೇ ಬೆಳೆದವನಿಗೆ ಇದನ್ನು ಬರೆಯುವುದು ಹಿತವಲ್ಲ. ಆದರೂ ಎಲೆಯ ಮೇಲೆ ಹೊರಿಸಿ ತಪ್ಪಿಸಿಕೊಳ್ಳಲಾರೆ.

ಪೂರ್ವ ಲಂಡನ್ನಿನಲ್ಲಿ ನೆಲೆಸಿದ, ಬಾಂಗ್ಲಾದೇಶದ ಸಿಲ್ಹೆಟ್ ಮೂಲದ ಮನೆಗಳಲ್ಲಿ ಬಂದವರಿಗೆ ಪಾನ್ ಕೊಡುವುದು ಮರ್ಯಾದೆ. ನಮ್ಮಲ್ಲೂ ವೀಳ್ಯ ಕೊಟ್ಟರೆ ಕರೆದಂತೆ, ಹೊಣೆ ಒಪ್ಪಿಸಿದಂತೆ. ಊರು ಬಿಟ್ಟು ಬಂದವರಿಗೆ ಆ ತಟ್ಟೆಯೇ ಊರು. ಅವರ ಮುಂದೆ ‘ಪಾನ್ ವಿಷ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ತಂಬಾಕು ಹಾಕುತ್ತೀರಾ?’ ಎಂದಷ್ಟೇ ಕೇಳಿದರೆ ‘ಇಲ್ಲ, ಬರೀ ಎಲೆ ಅಡಿಕೆ’ ಎಂಬ ನೆಮ್ಮದಿಯ ಉತ್ತರ ಬರುತ್ತದೆ. ಈ ನೆಮ್ಮದಿ ಮಲೆನಾಡಿನಲ್ಲೂ ಇದೆ. ಕೇಳಬೇಕಾದದ್ದು ಅಡಿಕೆಯ ಬಗ್ಗೆ: ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ದವಡೆಯಲ್ಲಿ, ರಾತ್ರಿ ಮಲಗುವಾಗಲೂ ಇಟ್ಟುಕೊಳ್ಳುತ್ತೀರಾ ಎಂದು.

ಅನುವಾದಕರೇ, ‘ಬೀಟಲ್ ನಟ್’ ಕಂಡಲ್ಲಿ ‘ಅಡಿಕೆ’ ಎನ್ನಿ. ‘ಬೀಟಲ್ ಕ್ವಿಡ್’ ಎಂದಿದ್ದರೆ ‘ಕವಳ’ ಎಂದು ಬರೆದು, ತಂಬಾಕು ಸೇರಿದ್ದೋ ಇಲ್ಲದ್ದೋ ಎಂಬುದನ್ನೂ ಹೇಳಿ.