ಕೆಟ್ಟ ರಕ್ತ ಒಳಗೇ ಉಳಿಯುತ್ತದಾ?

ಬನಶಂಕರಿ ಜಾತ್ರೆಗೋ ಎಲ್ಲಮ್ಮನ ಗುಡ್ಡಕ್ಕೋ ಹೊರಡುವ ಮುಂಚೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಔಷಧ ಅಂಗಡಿಯಲ್ಲಿ ಮೆಲ್ಲಗೆ ಕೇಳುತ್ತಾರೆ: "ಡೇಟ್ ಮುಂದ ಹೋಗೋ ಗುಳಿಗಿ ಕೊಡ್ರಿ." ಅಂಗಡಿಯವರು ಮರುಮಾತಿಲ್ಲದೆ ಕೊಡುತ್ತಾರೆ. ಮನೆಯಲ್ಲಿ ಮಾತ್ರ ಹಿರಿಯರು ಹೆದರಿಸುತ್ತಾರೆ: "ಕೆಟ್ಟ ರಕ್ತ ಒಳಗ ಉಳಿದು ಗಡ್ಡಿ ಆಗ್ತೈತಿ."

ಮುಟ್ಟಾದವರು ಗುಡಿಗೆ ಹೋಗಬಾರದು ಅನ್ನೋದನ್ನು ನಾನು ಒಪ್ಪುವುದಿಲ್ಲ. ಆದರೆ ಈ 'ಕೆಟ್ಟ ರಕ್ತ'ದ ಮಾತು ಅದಕ್ಕಿಂತ ಜಾಸ್ತಿ ಬೇಸರ ತರಿಸುತ್ತದೆ. ಮುಟ್ಟಿನ ರಕ್ತ ಎಲ್ಲೂ ಕೂಡಿಟ್ಟದ್ದಲ್ಲ. ಮೈಯೆಲ್ಲ ಓಡಾಡುವ ಅದೇ ರಕ್ತ, ಗರ್ಭಕೋಶದ ಒಳಪದರದ ಚೂರುಗಳ ಜೊತೆ ಹೊರಬರುತ್ತದೆ. ಒಂದು ಮುಟ್ಟಿಗೆ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಅಷ್ಟೇ. ಸ್ರಾವ ಶುರುವೇ ಆಗದಿದ್ದರೆ ಒಳಗೆ ಉಳಿಯೋದಕ್ಕೆ ರಕ್ತ ಎಲ್ಲಿಂದ ಬರಬೇಕು?

ನನಗೆ ತುಂಬಾ ಇಷ್ಟವಾದ ಭಾಗ ಇದು. ಹಾರ್ಮೋನು ಏರಿದಾಗ ಮುಟ್ಟು ಬರುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಬರೋದು ಇಳಿದಾಗ. ಅಂಡಾಣು ಹೊರಬಿದ್ದ ಜಾಗದಲ್ಲಿ ಅಂಡಾಶಯ ಸುಮಾರು ಎರಡು ವಾರ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸುರಿಸುತ್ತದೆ. ಒಳಪದರ ಅದರ ಆಸರೆಯಲ್ಲೇ ನಿಂತಿರುತ್ತದೆ, ಜಾತ್ರೆಯ ಚಪ್ಪರ ಕಂಬದ ಮೇಲೆ ನಿಂತ ಹಾಗೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಕುಸಿಯುತ್ತದೆ. ಆಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಏರುತ್ತವೆ, ಸುರುಳಿ ಆಕಾರದ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಆಮ್ಲಜನಕ ಸಿಗದೆ ಪದರ ಕಳಚುತ್ತದೆ. ಇದನ್ನು ಕಣ್ಣಾರೆ ನೋಡಿದವರೂ ಇದ್ದಾರೆ! ಅಮೆರಿಕದ ಜಾನ್ ಮಾರ್ಕಿ ರೀಸಸ್ ಕೋತಿಯ ಗರ್ಭಕೋಶದ ಒಳಪದರದ ಚೂರನ್ನು ಅದರ ಕಣ್ಣಿನ ಮುಂಭಾಗದೊಳಗೆ ಕಸಿ ಮಾಡಿದರು. ಚೂರು ಅಲ್ಲಿ ಬೇರೂರಿತು. ಕಣ್ಣಿನ ಪಾರದರ್ಶಕ ಪೊರೆಯ ಮೂಲಕ ಅದರ ರಕ್ತನಾಳಗಳು ಬಿಗಿಯುವುದನ್ನೂ ಆಮೇಲೆ ರಕ್ತ ಒಸರುವುದನ್ನೂ ಅವರು ನೋಡಿ, 1940ರಲ್ಲಿ ಪ್ರಕಟಿಸಿದರು.

ಡೇಟ್ ಮುಂದೂಡುವ ಗುಳಿಗೆಯಲ್ಲಿ ಇರೋದು ನೊರೆಥಿಸ್ಟೆರಾನ್, ಅಂದರೆ ಪ್ರೊಜೆಸ್ಟೆರಾನ್ ಕೆಲಸ ಮಾಡುವ ಕೃತಕ ಹಾರ್ಮೋನು. ಮುಟ್ಟಿಗೆ ಮೂರು ದಿನ ಮುಂಚೆ ಶುರು ಮಾಡಿ, 5 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ ಮೂರು ಸಲ ಕೊಡುವುದು ರೂಢಿ. ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಸ್ರಾವ ಬರುತ್ತದೆ. ಪದರ ಕಳಚಲು ಶುರುವಾದ ಮೇಲೆ ನುಂಗಿದರೆ ಡೇಟ್ ಮುಂದೆ ಹೋಗುವುದಿಲ್ಲ.

ಹಾಗಾದರೆ ಅಂಗಡಿಯವರ ನಿಶ್ಚಿಂತೆ ಸರಿಯಾ? ಅದೂ ಇಲ್ಲ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಸಹಜ ಹಾರ್ಮೋನನ್ನು ನುಂಗಿದರೆ ಯಕೃತ್ತು ಅದರ ಬಹುಪಾಲನ್ನು ಬೇಗ ಒಡೆದುಹಾಕುತ್ತದೆ. 1938ರಲ್ಲಿ ಬರ್ಲಿನ್‌ನ ಷೆರಿಂಗ್ ಕಂಪನಿಯಲ್ಲಿ ಇನ್‌ಹಾಫೆನ್ ಮತ್ತು ಹೋಲ್‌ವೆಗ್, ಈಸ್ಟ್ರೋಜೆನ್ ಎಂಬ ಇನ್ನೊಂದು ಸ್ತ್ರೀ ಹಾರ್ಮೋನಿನ ಅಣುವಿಗೆ ಎರಡು ಇಂಗಾಲದ ಒಂದು ಬಾಲ ಅಂಟಿಸಿದರು. ಯಕೃತ್ತಿಗೆ ಅದನ್ನು ಒಡೆಯುವುದು ಕಷ್ಟವಾಯಿತು. ಅದೇ ಎಥಿನೈಲ್ ಎಸ್ಟ್ರಾಡಿಯಾಲ್. 1951ರಲ್ಲಿ ಮೆಕ್ಸಿಕೋದ ಸಿಂಟೆಕ್ಸ್ ಕಂಪನಿಯಲ್ಲಿ ಮಿರಾಮೊಂಟೆಸ್, ಜೆರಾಸಿ ಮತ್ತು ರೋಸೆನ್‌ಕ್ರಾಂಜ್ ತಯಾರಿಸಿದ ನೊರೆಥಿಸ್ಟೆರಾನ್‌ಗೂ ಅದೇ ಬಾಲ ಇದೆ. ಸಿಂಟೆಕ್ಸ್‌ನ ಹಾರ್ಮೋನುಗಳ ಕಚ್ಚಾವಸ್ತು ಬಂದಿದ್ದು ಮೆಕ್ಸಿಕೋದ ಕಾಡುಗೆಣಸಿನಿಂದ! ಎರಡು ಅಣುಗಳೂ ಎಷ್ಟು ಹತ್ತಿರದವು ಅಂದರೆ, ನೊರೆಥಿಸ್ಟೆರಾನ್‌ನ ಒಂದು ಸಣ್ಣ ಪಾಲು ನಮ್ಮ ದೇಹದಲ್ಲೇ ಎಥಿನೈಲ್ ಎಸ್ಟ್ರಾಡಿಯಾಲ್ ಆಗಿಬಿಡುತ್ತದೆ. ಶೇಕಡಾವಾರು ನೋಡಿದರೆ ಅತಿ ಕಡಿಮೆ. ಆದರೆ ಎಥಿನೈಲ್ ಎಸ್ಟ್ರಾಡಿಯಾಲ್ ಮೈಕ್ರೋಗ್ರಾಂ ಲೆಕ್ಕದಲ್ಲೇ ಕೆಲಸ ಮಾಡುತ್ತದೆ. ದಿನಕ್ಕೆ 15 ಮಿಲಿಗ್ರಾಂ ನುಂಗುವವರಿಗೆ ಅದು ಗಣನೆಗೆ ಬರುವಷ್ಟಾಗುತ್ತದೆ.

ಈ ಈಸ್ಟ್ರೋಜೆನ್ ಯಕೃತ್ತಿಗೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಜಾಸ್ತಿ ಮಾಡಿಸುತ್ತದೆ. ಅಜ್ಜಿ ಹೆದರಿದ ಗಡ್ಡೆ ಗರ್ಭಕೋಶದಲ್ಲಿ ಆಗುವುದಿಲ್ಲ. ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಅಲ್ಲಿಂದ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮುಂಚೆ ಹಾಗೆ ಆಗಿದ್ದವರು, ಮನೆಯವರಿಗೆ ಆಗಿದ್ದವರು, ತುಂಬಾ ದಪ್ಪ ಇರುವವರು, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರು, ಕಣ್ಣೆದುರು ಮಿಂಚು ಕಾಣಿಸಿ ಅರ್ಧತಲೆನೋವು ಬರುವವರು ಸುಮ್ನೆ ಅಂಗಡಿಯಿಂದ ತಂದು ನುಂಗಬಾರದು. ಡಾಕ್ಟರಿಗೆ ಇದೆಲ್ಲ ಹೇಳಿದರೆ ಬೇರೆ ಗುಳಿಗೆಯನ್ನೂ ಕೊಡಬಹುದು. ಗುಳಿಗೆ ತಗೊಂಡಾಗ ಒಂದೇ ಕಾಲು ಊದಿ ನೋವಾದರೆ, ದಿಢೀರನೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. ಹೀಗೆ ನಾಲ್ಕು ದಿನ ತಗೊಂಡರೆ ಗರ್ಭ ನಿಲ್ಲದಂತೆ ಇದು ತಡೆಯುವುದಿಲ್ಲ. ನಿಲ್ಲಿಸಿ ವಾರವಾದರೂ ಸ್ರಾವ ಬಾರದಿದ್ದರೆ ಮೊದಲು ಗರ್ಭದ ಪರೀಕ್ಷೆ ಮಾಡಿಸಿಕೊಳ್ಳಿ.