ಹುರಿದ ಮಾಲ್ಟಿನ ಕೈಯಲ್ಲಿ ಕತ್ತರಿ ಇಲ್ಲ

ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಪಕ್ಕದಲ್ಲಿ ಒಂದು ಹನಿ ಅಯೋಡಿನ್. ಕಡ್ಡಿಯಿಂದ ಎರಡನ್ನೂ ಸೇರಿಸಿದರೆ ಮಸಿ ಚೆಲ್ಲಿದ ಹಾಗೆ ಕಡುನೀಲಿ! ಬಿಯರಿಗೆಂದು ಒಂದೂವರೆ ಗಂಟೆ 66 ಡಿಗ್ರಿ ಬಿಸಿನೀರಿನಲ್ಲಿ ನೆನೆದರೂ 1 ಕೆಜಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಪಿಷ್ಟ ಪಿಷ್ಟವಾಗಿಯೇ ಕೂತಿತ್ತು. ನೆಕ್ಕಿದರೆ ಸುಟ್ಟ ವಾಸನೆಯ ಅಂಟಂಟು ಗಂಜಿ. ನಾನು ಕೊಂಡದ್ದು ಪೂರ್ತಿ ಅಂಬರ್, ಅಂದರೆ ಹುರಿದ ಮಾಲ್ಟು. ಹೆಸರೂ ಚೆಂದ, ಬಣ್ಣವೂ ಚೆಂದ, ಮಾರಿದವರೂ ಬೇಡ ಅನ್ನಲಿಲ್ಲ.

ಮನೆಯಲ್ಲಿ ನಾಲ್ಕೈದು ಲೀಟರ್ ಬಿಯರ್ ಮಾಡಹೊರಟವರು ಮಾಲ್ಟಿನ ಬಣ್ಣ ಕೇಳುತ್ತಾರೆ. ಕೇಳಬೇಕಾದ್ದು ಕಿಣ್ವ ಎಷ್ಟಿದೆ ಅಂತ. ಪಿಷ್ಟವೆಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಸಕ್ಕರೆಯನ್ನು ಮದ್ಯವಾಗಿಸುವ ಯೀಸ್ಟಿನ ಬಾಯಿಗೆ ಅದು ಹಿಡಿಸುವುದಿಲ್ಲ. ತುಂಡು ಮಾಡಿಕೊಡಲು ಎರಡು ಕಿಣ್ವಗಳಿವೆ. ಆಲ್ಫಾ ಅಮೈಲೇಸ್ ಕತ್ತರಿ ಸಿಕ್ಕಿದ ತುಂಟ ಮಗು, ಸರವನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಬೀಟಾ ಅಮೈಲೇಸ್ ಶಿಸ್ತಿನ ಗುಮಾಸ್ತ: ತುದಿಯಿಂದ ಶುರು, ಎಣಿಸಿ ಎರಡೆರಡೇ ಮಣಿ. ಆ ಜೋಡಿಮಣಿಯೇ ಮಾಲ್ಟೋಸ್ ಎಂಬ ಸಕ್ಕರೆ. ಮಗು ಕತ್ತರಿಸಿದಷ್ಟೂ ಹೊಸ ತುದಿಗಳು, ಗುಮಾಸ್ತನಿಗೆ ಅಷ್ಟು ಕೈತುಂಬ ಕೆಲಸ. ಗುಮಾಸ್ತನಿಗೆ 62–65 ಡಿಗ್ರಿ ಹಿತ, ಮಗುವಿಗೆ 70ರ ಆಸುಪಾಸು. 66 ಎನ್ನುವುದು ಇಬ್ಬರ ನಡುವಿನ ರಾಜಿ.

ಈ ಕತ್ತರಿ ಕಾಳಿನಲ್ಲಿ ಮೊದಲೇ ಇರುವುದಿಲ್ಲ ಎಂಬುದು ನನಗೆ ಇವತ್ತಿಗೂ ಬೆರಗು. ಬಾರ್ಲಿ ಮೊಳೆಯುವಾಗ ಭ್ರೂಣದಿಂದ ಜಿಬ್ಬರೆಲಿನ್ ಎಂಬ ಹಾರ್ಮೋನು ಹೊರಡುತ್ತದೆ. ಸಿಪ್ಪೆಯೊಳಗಿನ ತೆಳುಪದರ ಆ ಸುದ್ದಿ ಮುಟ್ಟಿದ ಮೇಲೆಯೇ ಆಲ್ಫಾ ಅಮೈಲೇಸ್ ತಯಾರಿಸುವುದು. ಜಿಬ್ಬರೆಲಿನ್ನಿನ ಸುಳಿವು ಸಿಕ್ಕಿದ್ದು ಬಾರ್ಲಿಯಲ್ಲಲ್ಲ, ಭತ್ತದ ರೋಗದಲ್ಲಿ! ಸಸಿಗಳು ಹುಚ್ಚೆದ್ದು ಉದ್ದಕ್ಕೆ ಬೆಳೆಯುವುದಕ್ಕೆ ಶಿಲೀಂಧ್ರವೊಂದು ಸ್ರವಿಸುವ ವಸ್ತು ಕಾರಣವೆಂದು ಜಪಾನಿನ ವಿಜ್ಞಾನಿ ಎಯಿಚಿ ಕುರೊಸಾವಾ 1926ರಲ್ಲಿ ತೋರಿಸಿದ. ಅದಕ್ಕೂ ಬಹಳ ಹಿಂದೆ, 1833ರಲ್ಲಿ, ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪಾಯೆನ್ ಮತ್ತು ಪೆರ್ಸೋ ಮಾಲ್ಟಿನಿಂದ ಬೇರ್ಪಡಿಸಿದ ವಸ್ತುವಿಗೆ ಡಯಾಸ್ಟೇಸ್ ಎಂದು ಹೆಸರಿಟ್ಟಿದ್ದರು. ಕಿಣ್ವಗಳ ಹೆಸರಿಗೆಲ್ಲ ‘ಏಸ್’ ಬಾಲ ಅಂಟಿಕೊಂಡದ್ದು ಅಲ್ಲಿಂದ.

ಹುರಿದ ಬೀಜ ಮೊಳೆಯುವುದಿಲ್ಲ. ಹುರಿದ ಮಾಲ್ಟಿನಲ್ಲಿ ಕಿಣ್ವವೂ ಬದುಕುವುದಿಲ್ಲ. ಮೊದಲು ತೇವ ಆರಿಸಿ, ಕೊನೆಗೆ 80–85 ಡಿಗ್ರಿಗೆ ಒಯ್ದ ತಿಳಿ ಮಾಲ್ಟಿನಲ್ಲಿ ಅದು ಉಳಿದಿರುತ್ತದೆ. 200 ದಾಟಿಸಿ ಹುರಿದ ಕಪ್ಪು ಮಾಲ್ಟಿನಲ್ಲಿ ಬಣ್ಣವಿದೆ, ಕಹಿಯಿದೆ, ಕಿಣ್ವ ಸೊನ್ನೆ. ಹೀಗಿರುವಾಗ ಕಪ್ಪು ಬಿಯರ್ ಅಂದರೆ ಜೋರು ಬಿಯರ್ ಎಂಬ ನಂಬಿಕೆ ಅದು ಹೇಗೆ ಬದುಕಿದೆಯೋ! ಹದಿನೆಂಟನೇ ಶತಮಾನದ ಕೊನೆಗೆ ರಸದ ಸಕ್ಕರೆ ಅಳೆಯುವ ಸ್ಯಾಕರೋಮೀಟರ್ ಹಿಡಿದ, ಪೋರ್ಟರ್ ಎಂಬ ಕಡುಬಣ್ಣದ ಬಿಯರ್ ಮಾಡುವ ಇಂಗ್ಲೆಂಡಿನ ತಯಾರಕರಿಗೇ ಗುಟ್ಟು ಗೊತ್ತಾಗಿತ್ತು: ಅಗ್ಗದ ಕಂದು ಮಾಲ್ಟಿಗಿಂತ ದುಬಾರಿ ತಿಳಿ ಮಾಲ್ಟೇ ಹೆಚ್ಚು ಸಾರ ಬಿಡುತ್ತದೆ. ಬಣ್ಣಕ್ಕೆ ಏನು ಮಾಡುವುದು? 1817ರಲ್ಲಿ ಡೇನಿಯಲ್ ವೀಲರ್ ಪೀಪಾಯಿಯಲ್ಲಿ ತಿರುಗಿಸುತ್ತ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಚಿಟಿಕೆ ಕಪ್ಪು ಸಾಕಾಯಿತು.

ಅಂಗಡಿಗೆ ಹೋದಾಗ ಮಾಲ್ಟಿನ ಲಿಂಟ್ನರ್ ಅಂಕೆ ಕೇಳಿ. ಅದು ಕಿಣ್ವಬಲದ ಅಳತೆ. ಒಟ್ಟು ಮಿಶ್ರಣದ ಸರಾಸರಿ 35–40ಕ್ಕಿಂತ ಕೆಳಗಿಳಿಯಬಾರದು. 100 ಇರುವ ತಿಳಿ ಮಾಲ್ಟು 800 ಗ್ರಾಂ, ಸೊನ್ನೆ ಇರುವ ಕ್ರಿಸ್ಟಲ್ ಎಂಬ ಬಣ್ಣದ ಮಾಲ್ಟು 200 ಗ್ರಾಂ ಬೆರೆಸಿದರೆ ಸರಾಸರಿ 80, ಧಾರಾಳ. ಯುರೋಪಿನ ಚೀಲದ ಮೇಲೆ ವಿಂಡಿಷ್–ಕೋಲ್ಬಾಖ್ ಅಂಕೆ ಇದ್ದರೆ 16 ಕೂಡಿಸಿ 3.5ರಿಂದ ಭಾಗಿಸಿ, ಲಿಂಟ್ನರ್ ಸಿಗುತ್ತದೆ. ಬಣ್ಣದ ಅಂಕೆಯಲ್ಲೂ ಎಡವಬೇಡಿ: ಇಬಿಸಿ ಎಂಬ ಮಾನದಲ್ಲಿ 120 ಎಂದರೆ ಇನ್ನೊಂದು ಮಾನವಾದ ಲೋವಿಬಾಂಡ್‌ನಲ್ಲಿ ಸುಮಾರು 45.

ನಾಲ್ಕು ಲೀಟರಿಗೆ ಒಟ್ಟು 1 ಕೆಜಿ ಬೇಕಾದೀತು. ಅದರಲ್ಲಿ ಕಪ್ಪು 30 ಗ್ರಾಂ ಸಾಕು. ಕಡಿಮೆ ದರಕ್ಕೆ ಸಿಗುತ್ತದೆಂದು 5 ಕೆಜಿ ಕಪ್ಪು ಮಾಲ್ಟು ಹೊತ್ತು ತಂದವರನ್ನು ನೋಡಿ ನಕ್ಕಿದ್ದೇನೆ, ಅಂಬರ್ ಕಥೆ ಮರೆತು. ಗಿರಣಿಯಿದ್ದರೆ ಇಡೀ ಕಾಳೇ ಕೊಳ್ಳಿ, ಒಣ ಜಾಗದಲ್ಲಿ ತಿಂಗಳುಗಟ್ಟಲೆ ಕೆಡದು. ಒಡೆಸಿ ತಂದರೆ ಬೇಗ ಬಳಸಿ. ಹಿಟ್ಟು ಮಾಡಿಸಬೇಡಿ, ಸಿಪ್ಪೆ ಇಡಿಯಾಗಿ ಉಳಿಯಲಿ. ಸೋಸುವಾಗ ಅದೇ ಜರಡಿ. ದುಡ್ಡು ಕೊಡುವ ಮೊದಲು ಒಂದು ಕಾಳು ಕಚ್ಚಿ ನೋಡಿ. ಕಟ್ಟೆಂದು ಒಡೆದರೆ ಸರಿ. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ತೇವ ಹೀರಿದೆ, ಅಲ್ಲೇ ಬಿಟ್ಟುಬನ್ನಿ.